ಡ್ರಮ್ ಸೆಟ್‌ಗೆ ತಾಮ್ರದ ಬಣ್ಣದ ರ‍್ಯಾಪ್: ಮಳೆಗಾಲದಲ್ಲಿ ಅಂಟಿಸಬಹುದಾ?

ಕುಂಬಳೆ ಬೀಟ್ಸ್:
ಐದು ಪೀಸಿನ ಸೆಟ್: 22 ಇಂಚಿನ ಬಾಸ್ (18 ಇಂಚು ಆಳ), 10 ಮತ್ತು 12ರ ಟಾಮ್, 16ರ ಫ್ಲೋರ್ ಟಾಮ್, 14ರ ಸ್ನೇರ್. ಹಳೇ ಕಪ್ಪು ರ‍್ಯಾಪ್ (ಹೊರಮೈಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಜಾಯಿಂಟಿನ ಹತ್ತಿರ ಎದ್ದಿದೆ, ಒಳಗಿನ ಮರ ಗಟ್ಟಿ ಉಂಟು. ಅಂಗಡಿಯಲ್ಲಿ ತಾಮ್ರ ಬಣ್ಣದ ಸನ್‌ಮೈಕಾ, ಕಾರಿನ ವಿನೈಲ್, ನಿಜವಾದ ತಾಮ್ರದ ತೆಳು ಹಾಳೆ ತೋರಿಸಿದರು. ಯಾವುದು ಒಳ್ಳೆಯದು? ಆಟಿಯಲ್ಲೇ (ಜೋರು ಮಳೆಯ ತಿಂಗಳು) ಅಂಟಿಸಿದರೆ ತೊಂದರೆ ಉಂಟಾ? ನವರಾತ್ರಿಗೆ ಸೆಟ್ ಬೇಕು.

ಬದಿಯಡ್ಕ ಡ್ರಮ್ಸ್:
ಸನ್‌ಮೈಕಾ ಬಿಡಿ ಮಾರಾಯ್ರೆ. 1 ಮಿ.ಮೀ. ಹಾಳೆ 10 ಇಂಚಿನ ಟಾಮ್‌ಗೆ ಬಾಗುವಾಗ ಬಿರಿಯುತ್ತದೆ. ಬಾಗಿದರೂ ಜಾಯಿಂಟಲ್ಲಿ ಎರಡು ಪದರ ಸೇರಿ ಹೆಡ್‌ನ (ಬಾರಿಸುವ ಪೊರೆಯ) ರಿಂಗ್ ಕೂರುವುದಿಲ್ಲ. ತಾಮ್ರದ ಹಾಳೆ ಚಂದ, ಆದರೆ ನಮ್ಮ ಕಡಲಕರೆಯ ಉಪ್ಪುಗಾಳಿಗೆ ಬೆರಳಚ್ಚು ಬಿದ್ದಲ್ಲೆಲ್ಲ ಕಪ್ಪಾಗುತ್ತದೆ, ಸ್ಕ್ರೂ ಬುಡದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕಾರಿನ ವಿನೈಲ್ ತೀರಾ ತೆಳು. ಅಡಿಗೆ ಒಂದು ಮರಳಕಾಳು ಸಿಕ್ಕಿದರೂ ಎದ್ದು ಕಾಣುತ್ತದೆ. ಡ್ರಮ್‌ಗೆಂದೇ ಬರುವ, ಸುಮಾರು ಅರ್ಧ ಮಿ.ಮೀ. ದಪ್ಪದ ರ‍್ಯಾಪ್ ತರಿಸಿ.

ಅಳತೆಗೆ ಕಾಗದದ ಪಟ್ಟಿಯನ್ನು ಡ್ರಮ್ಮಿನ ಮರದ ಉರುಳೆ, ಅಂದರೆ ಶೆಲ್‌ಗೆ ಸುತ್ತಿ ನೋಡಿ. ಲೆಕ್ಕದಲ್ಲಿ 12ಕ್ಕೆ 37.7, 16ಕ್ಕೆ 50.3, 22ಕ್ಕೆ 69.1 ಇಂಚು ಸುತ್ತಳತೆ. ಅದಕ್ಕೆ ಜಾಯಿಂಟಿಗೆ 1 ಇಂಚು ಸೇರಿಸಿ. ಅಗಲ ಮಾತ್ರ ಎರಡೂ ಅಂಚಿನಿಂದ 3 ಮಿ.ಮೀ. ಕಡಿಮೆ ಇರಲಿ. ರ‍್ಯಾಪ್ ಅಂಚಿನವರೆಗೆ ಬಂದರೆ ಟ್ಯೂನಿಂಗ್ ನಿಲ್ಲುವುದಿಲ್ಲ.

ಇನ್ನೊಂದು: ಮೆಟಾಲಿಕ್ ಹಾಳೆಗೆ ದಿಕ್ಕು ಇರುತ್ತದೆ. ಎಲ್ಲಾ ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿ, ಹಿಂಬದಿಗೆ ಬಾಣದ ಗುರುತು ಹಾಕಿ. ಇಲ್ಲದಿದ್ದರೆ ಸ್ಟೇಜ್ ಲೈಟಲ್ಲಿ ಒಂದು ಟಾಮ್ ಕೆಂಪು, ಪಕ್ಕದ್ದು ಕಂದು ಕಾಣುತ್ತದೆ.

ಪೆರ್ಲದ ಮರಗೆಲಸ:
ಮಳೆಯ ವಿಷಯಕ್ಕೆ ಬರುತ್ತೇನೆ. ಫೆವಿಕಾಲ್ ಎಸ್‌ಆರ್ 998ರಂಥ ರಬ್ಬರ್ ಅಂಟು ಆಗಬೇಕು, ಬಿಳಿ ಫೆವಿಕಾಲ್ ಬೇಡ. ಅದರ ನೀರು ಪ್ಲಾಸ್ಟಿಕ್ ಅಡಿಯಿಂದ ಹೊರಗೆ ಹೋಗುವ ದಾರಿಯಿಲ್ಲ. ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಆಟಿಯ ತೇವದಲ್ಲಿ ಸಾಲ್ವೆಂಟ್ ಆರುವಾಗ ಅಂಟು ತಣ್ಣಗಾಗಿ ಗಾಳಿಯ ನೀರನ್ನು ಹಿಡಿದುಕೊಳ್ಳುತ್ತದೆ, ಮೇಲೆ ಹಾಲಿನ ಹಾಗೆ ಬಿಳುಪು ಬರುತ್ತದೆ. ಆಗ ಒತ್ತಿದರೆ ತಿಂಗಳೊಳಗೆ ಗುಳ್ಳೆ ಏಳುತ್ತದೆ. ಪೂರ್ತಿ ಒಣಗಲು ಬಿಟ್ಟು ಇನ್ನೊಂದು ತೆಳು ಕೋಟ್ ಹಾಕಿ. ಮಳೆ ಬಿಟ್ಟ ಮಧ್ಯಾಹ್ನ, ಕಿಟಕಿ ತೆರೆದಿಟ್ಟು ಮಾಡಿ. ಬೆಂಕಿ, ಬೀಡಿ ಹತ್ತಿರ ಬೇಡ.

ಈ ಅಂಟು ಮುಟ್ಟಿದರೆ ಬಿಡುವುದಿಲ್ಲ. ಶೆಲ್ ಮೇಲೆ ಅಡ್ಡಡ್ಡ ಹಿಡಿಸೂಡಿ ಕಡ್ಡಿ ಇಟ್ಟು, ಒಂದೊಂದೇ ಎಳೆಯುತ್ತ ಒತ್ತುತ್ತ ಹೋಗಿ. ಮೊದಲ ಅಂಚನ್ನು ಪೆನ್ಸಿಲ್ ಗೆರೆಗೆ ಮೂಲೆಮಟ್ಟ ಹಿಡಿದೇ ಕೂರಿಸಿ. ನಿಮ್ಮ 18 ಇಂಚು ಆಳದ ಬಾಸಲ್ಲಿ ಶುರುವಿಗೆ 1 ಮಿ.ಮೀ. ಓರೆಯಾದರೆ ಸುತ್ತು ಮುಗಿಯುವಾಗ ಸುಮಾರು 4 ಮಿ.ಮೀ. ಜಾರಿರುತ್ತದೆ.

ಕುಂಬಳೆ ಬೀಟ್ಸ್:
ಹಳೇದನ್ನು ಕಿತ್ತೇ ಮಾಡಬೇಕಾ? ಜಾಯಿಂಟ್ ಎಲ್ಲಿ ಬರಬೇಕು? ಸ್ಕ್ರೂ ತೂತಿಗೆ ಡ್ರಿಲ್ ಒಳಗಿನಿಂದ ಹಾಕಿದರೆ ಸುಲಭ ಅಲ್ವಾ?

ಬದಿಯಡ್ಕ ಡ್ರಮ್ಸ್:
ಕೀಳಲೇಬೇಕು, ಎದ್ದ ರ‍್ಯಾಪ್ ಮೇಲೆ ಹೊಸದು ನಿಲ್ಲುವುದಿಲ್ಲ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪುಟ್ಟಿ ಬ್ಲೇಡ್ ತೂರಿಸಿ ಮೆಲ್ಲ ಎಬ್ಬಿಸಿ. ತಣ್ಣಗಿರುವಾಗ ಜಗ್ಗಿದರೆ ಮರದ ಸಿಪ್ಪೆಯೂ ಜೊತೆಗೇ ಬರುತ್ತದೆ. ಉಳಿದ ಅಂಟನ್ನು ಥಿನ್ನರ್ ಬಟ್ಟೆಯಿಂದ ತೆಗೆದು, 120ರ ಸ್ಯಾಂಡ್ ಪೇಪರ್, ಆಮೇಲೆ 220ರದ್ದು ಹಾಕಿ ಉಜ್ಜಿ. ಹೆಡ್ ಕೂರುವ ಅಂಚಿಗೆ ಮಾತ್ರ ಪೇಪರ್ ತಾಗಿಸಬೇಡಿ.

ಜಾಯಿಂಟ್ ಲಗ್‌ಗಳ (ಹೆಡ್ ಬಿಗಿಯುವ ಸ್ಕ್ರೂ ಕೂರುವ ಲೋಹದ ತುಂಡುಗಳ) ಅಡಿಗೆ ಬರಲಿ, ಬಾಸಿನದ್ದು ನೆಲದ ಕಡೆಗೆ. ಲಗ್‌ನ ಸ್ಕ್ರೂ ಅದನ್ನು ಒತ್ತಿ ಹಿಡಿದಿರುತ್ತದೆ.

ತೂತು ಒಳಗಿನಿಂದ ಕೊರೆದರೆ ಬಿಟ್ ಹೊರಬರುವಾಗ ರ‍್ಯಾಪ್ ಹರಿದು ಎದ್ದು ನಿಲ್ಲುತ್ತದೆ. ಒಳಗಿನಿಂದ ಹಳೇ ತೂತಿನ ಮೂಲಕ ದಬ್ಬಳದಲ್ಲಿ ಚುಚ್ಚಿ ಗುರುತು ಮಾಡಿಕೊಳ್ಳಿ. ಡ್ರಿಲ್ ಹೊರಗಿನಿಂದ: ಮೊದಲು 3 ಮಿ.ಮೀ., ಆಮೇಲೆ ಸ್ಕ್ರೂವಿನ ಅಳತೆಯ ಹೊಸ ಬಿಟ್. ಅಂಟಿಸಿ ಒಂದು ದಿನ ಕಳೆದ ಮೇಲೆಯೇ ಕೊರೆಯಿರಿ.