ಗುಲಾಮಗಿರಿ ನೆನಪಿನ ಕ್ವಿಲ್ಟ್ ಬ್ಲಾಕ್: ಯಾರಾದರೂ ಹೊಲಿದಿದ್ದೀರಾ?

ಅಟ್ಲಾಂಟಾದಿಂದ: ಅಮೆರಿಕಾದಲ್ಲಿ ಗುಲಾಮಗಿರಿ ಕೊನೆಗೊಂಡ ನೆನಪಿನ ದಿನ, ಜೂನ್ 19ರ ಜೂನ್‌ಟೀಂತ್‌ಗೆ ನಮ್ಮ ಹೊಲಿಗೆ ಗುಂಪಿನವರು ಗುಲಾಮಗಿರಿಯ ಇತಿಹಾಸ ನೆನಪಿಸುವ ಬ್ಲಾಕ್ (ಕ್ವಿಲ್ಟ್, ಅಂದರೆ ಕೌದಿಯಂಥ ಹೊದಿಕೆಗೆ ಜೋಡಿಸೋ ಒಂದು ಚೌಕ) ಕೇಳಿದ್ದಾರೆ. ಆಳಿಗೊಂದು, ಹನ್ನೆರಡೂವರೆ ಇಂಚು. ಉಳಿದಿರೋದು ಮೂರೇ ವಾರ. ಯಾವ ವಿನ್ಯಾಸ? ಕೈಯಲ್ಲೋ, ಮಷಿನ್‌ನಲ್ಲೋ?

ಹೂಸ್ಟನ್ ಅಕ್ಕ: ನಾನು ಲಾಗ್ ಕ್ಯಾಬಿನ್ ಹೊಲಿದೆ, ನಡುವಿನ ಚೌಕದ ಸುತ್ತ ಪಟ್ಟಿ ಜೋಡಿಸೋ ವಿನ್ಯಾಸ. ನಡುವೆ ಕಪ್ಪು ಚೌಕ ಇಟ್ಟರೆ ಓಡಿಬಂದ ಗುಲಾಮರಿಗೆ ಆಸರೆ ಮನೆ ಅಂತ ಗುರುತಂತೆ. ಬಟ್ಟೆಗೆ 38 ಡಾಲರ್, ದಾರಕ್ಕೆ 9. ಕೆಂಪು ಬಟ್ಟೆ ತೊಳೆಯದೆ ಕತ್ತರಿಸಿಬಿಟ್ಟೆ. ಇಸ್ತ್ರಿಯ ಹಬೆಗೆ ಬಣ್ಣ ಬಿಟ್ಟು ಬಿಳಿ ಪಟ್ಟಿಯೆಲ್ಲ ಗುಲಾಬಿ! ಎರಡನೇದು ಹನ್ನೊಂದೂಮುಕ್ಕಾಲು ಇಂಚಿಗೆ ನಿಂತಿತು. ವಾಪಸ್ ಕಳಿಸಿದರು. ಮೂರನೇದು ನಮ್ಮನೆ ಗೋಡೆ ಮೇಲಿದೆ.

ಮೈಸೂರು ಮೇಷ್ಟ್ರು: ಆ ಗುರುತಿನ ಕಥೆ ಹಬ್ಬಿದ್ದು 1999ರ ಒಂದು ಪುಸ್ತಕದಿಂದ. ಇತಿಹಾಸಕಾರರು ಒಪ್ಪಿಲ್ಲ. ನಾನೂ ನಂಬಿ, ಬ್ಲಾಕ್ ಪಕ್ಕ ಬೋರ್ಡ್ ಬರೆದು ಹಾಕಿ, ನೂರು ಜನರೆದುರು ಪೆಚ್ಚಾದೆ. ಆಮೇಲೆ ಹ್ಯಾರಿಯೆಟ್ ಪವರ್ಸ್ ಅವರ ದಾರಿ ಹಿಡಿದೆ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು. ಬೈಬಲ್ ಕಥೆಗಳನ್ನು ಹೊಲಿದ ತಮ್ಮ ಬೈಬಲ್ ಕ್ವಿಲ್ಟಿಗೆ ಹತ್ತು ಡಾಲರ್ ಕೇಳಿದರು, ಸಿಕ್ಕಿದ್ದು ಐದು. ಈಗ ಅದು ಅಮೆರಿಕಾದ ಮ್ಯೂಸಿಯಂ ಸ್ಮಿತ್ಸೋನಿಯನ್‌ನಲ್ಲಿದೆ. ಅವರ ಹಾಗೆ ನಕ್ಷತ್ರ ಕತ್ತರಿಸಿ ಮೇಲೆ ಹೊಲಿದೆ. ಒಂದೊಂದು ಚೂಪು ತುದಿಯೂ ಎಳೆ ಬಿಟ್ಟು ಜೀವ ತಿಂದಿತು.

ಹೂಸ್ಟನ್ ಅಕ್ಕ: ನಿಮ್ಮ ಬೋರ್ಡಿನ ಸಿಟ್ಟು ನನ್ನ ಮೇಲೇಕೆ?

ಹಳಿಯಾಳದವಳು: ಎಲ್ಲರಿಗೂ ಅಮೆರಿಕಾನೇ ಕಾಣೋದು, ಅಲ್ವಾ? ನಮ್ಮ ಸಿದ್ದಿಯರ ಕೌದಿ ನೋಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದರು. ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮನೆತನಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡದಲ್ಲಿವೆ. ಒಬ್ಬ ಸಿದ್ದಿ ಅಜ್ಜಿಯ ಹತ್ತಿರ ಹನ್ನೊಂದು ತಿಂಗಳು ಕೂತು ಕಲಿತೆ. ಅಂಚಿನಿಂದ ಶುರು, ಸುತ್ತುತ್ತಾ ನಡುವಿಗೆ. ಬ್ಲಾಕ್ ಅನ್ನೋದೇ ಅಲ್ಲಿಲ್ಲ. ಮೂಲೆಗೆ ಚಿಂದಿ ಮಡಿಸಿ ಫುಲಾ ಇಡಬೇಕು. ನಾನು ಒಂದು ಮೂಲೆ ಮರೆತಿದ್ದೆ, ಅಜ್ಜಿ ಕೌದಿ ಮುಟ್ಟಲಿಲ್ಲ. ಮಷಿನ್‌ನಲ್ಲಿ ಹೊಲಿದದ್ದು ಕೌದಿನೇ ಅಲ್ಲ.

ಧಾರವಾಡದಿಂದ: ಮಷಿನ್ ಅಂದ್ರೆ ಮೂಗು ಮುರೀಬೇಡ್ರಿ. ಹ್ಯಾರಿಯೆಟ್ ಕೂಡ ಮಷಿನ್ ಬಳಸಿದ್ದಾರೆ. ಬೆರಳಿಗೆ ಏಳು ಕಡೆ ಸೂಜಿ ಚುಚ್ಚಿಸಿಕೊಂಡು ಕಡೆಗೆ ಒಬ್ಬಳಿಗೆ 1,800 ರೂಪಾಯಿ ಕೊಟ್ಟು ಕೈಯಲ್ಲೇ ಕೌದಿ ಹೊಲಿಸಿದೆ. ಡಬಲ್ ಬೆಡ್ಡಿನದು.

ಹಳಿಯಾಳದವಳು: ಡಬಲ್ ಬೆಡ್ಡಿನದಕ್ಕೆ 1,800? ಎಷ್ಟು ದಿನ ಹೊಲಿದಳು?

ಧಾರವಾಡದಿಂದ: ಒಂದು ತಿಂಗಳು. ದಾರ ನಂದೇ ರೀ.