ಬೋರಿನ ಮೋಟಾರ್ ಹಳೇ ಬಾವಿಗೆ ಬೇಡ

ಚಿಕ್ಕಪ್ಪ: ಮೂರು ಮನೆಯವರೂ ಸೇರಿ ಕೊಂಡ ಹೊಸ ಮೋಟಾರ್ ಬೋರಿಂದ ಮೇಲೆತ್ತಿ ಆಯಿತು. ಬೋರಿಗೆ ಆಗಲ್ಲ ಅಂತ ಗೊತ್ತಾಯ್ತಲ್ಲ, ಹಳೇ ಬಾವಿಗೆ ಇಳಿಸೋಣ. ಬೋರಿಗೆ ಬೇರೆ ತರೋಣ. ಮೂರು ಮನೆಯವರೂ ಮತ್ತೆ ಸಮ ಹಾಕಬೇಕು.

ಅತ್ತೆ: ಮತ್ತೆ ಹಾಕೋದಾ? ಕಬ್ಬಿನ ದುಡ್ಡೇ ಇನ್ನೂ ಕೈಗೆ ಬಂದಿಲ್ಲ.

ನಾನು: ಚಿಕ್ಕಪ್ಪ, ದಯವಿಟ್ಟು ಬಾವಿಗೆ ಇಳಿಸಬೇಡಿ. ಇಳಿಸಿ ಬಳಸಿದರೆ ಮಾಲು ಒಪ್ಪಿಕೊಂಡ ಹಾಗೆ. ಆಮೇಲೆ ವಾಪಸ್ ಕೊಡೋ ಹಕ್ಕು ಹೋಗುತ್ತದೆ, ನಷ್ಟ ಕೇಳೋದು ಮಾತ್ರ ಉಳಿಯುತ್ತದೆ.

ದೊಡ್ಡಪ್ಪ: ಅಂಗಡಿಯವನು ವಾಪಸ್ ಯಾಕೆ ತಗೋತಾನೆ? ಮೋಟಾರಲ್ಲಿ ದೋಷ ಇಲ್ಲ. ಅಂಗಡಿಯಲ್ಲೇ ಓಡಿಸಿ ತೋರಿಸಿದ. ಜಾಸ್ತಿ ಅಂದರೆ 75 ಮೀಟರ್ ಎತ್ತುತ್ತದೆ ಅಂತ ಪ್ಲೇಟಿನ ಮೇಲೇ ಬರೆದಿದೆ.

ನಾನು: ದೋಷ ಇಲ್ಲ ದೊಡ್ಡಪ್ಪ, ಒಪ್ಪಿದೆ. ಆದರೆ 75 ಮೀಟರ್ ಅಂದರೆ 246 ಅಡಿ. ನಮ್ಮ ಬೋರಲ್ಲಿ ನೀರು ನಿಂತಿರೋದೇ 300 ಅಡಿಯಲ್ಲಿ, ಅದನ್ನ ಅಂಗಡಿಯವರಿಗೆ ಮೊದಲೇ ಹೇಳಿ, ನೀವೇ ಸರಿಯಾದ್ದು ಕೊಡಿ ಅಂತ ಕೇಳಿದ್ದೆವು, ಮಾಡೆಲ್ ಆರಿಸಿದ್ದೂ ಅವರೇ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಇಂಥದ್ದಕ್ಕೇ ಇರೋದು. ಯಾವ ಕೆಲಸಕ್ಕೆ ಬೇಕು ಅಂತ ತಿಳಿಸಿ, ಆ ಮಾಲನ್ನೇ ಮಾರೋ ವ್ಯಾಪಾರಿಯ ಅನುಭವ ನಂಬಿ ಕೊಂಡರೆ, ಅದು ಆ ಕೆಲಸಕ್ಕೆ ತಕ್ಕಮಟ್ಟಿಗಾದರೂ ಆಗಲೇಬೇಕು. ಬಿಲ್ಲಲ್ಲಿ ಬರೆಯದಿದ್ದರೂ ಆ ಷರತ್ತು ಇದ್ದೇ ಇರುತ್ತದೆ. ನೋಡಿ ಕೊಂಡರೆ ಕೇಳೋ ಹಾಗಿಲ್ಲ ಅನ್ನೋದು ಕಣ್ಣಿಗೆ ಕಾಣೋ ದೋಷದ ಮಾತು. ಅದು ಬೇರೆ, ಇದು ಬೇರೆ.

ಭಾವ: ಅದೇ ಸೆಕ್ಷನಲ್ಲಿ ಇನ್ನೊಂದು ಸಾಲಿದೆ. ಕಂಪನಿ ಹೆಸರು ಹೇಳಿ ಇಂಥದ್ದೇ ಕೊಡಿ ಅಂದರೆ ಆ ಷರತ್ತು ಬರಲ್ಲ. ಚಿಕ್ಕಪ್ಪ ಕಂಪನಿ ಹೆಸರು ಹೇಳಿದ್ದರಲ್ಲ?

ಚಿಕ್ಕಪ್ಪ: ಕಂಪನಿ ಹೇಳಿದ್ದು ನಿಜ. ಮಾಡೆಲ್ ನಾನು ಹೇಳಲಿಲ್ಲ.

ನಾನು: ಭಾವ ಎತ್ತಿದ್ದು ಗಟ್ಟಿ ಪ್ರಶ್ನೆ, ಅಂಗಡಿಯವರೂ ಇದನ್ನೇ ಹಿಡಿಯುತ್ತಾರೆ. ಆದರೆ 1925ರಲ್ಲಿ ಇಂಗ್ಲೆಂಡಲ್ಲಿ ಒಂದು ತೀರ್ಪು ಬಂದಿದೆ. ಒಬ್ಬರು ಆರಾಮಾಗಿ ಊರೂರು ಸುತ್ತೋಕೆ ಕಾರ್ ಬೇಕು ಅಂದರು, ವ್ಯಾಪಾರಿ ಬುಗಾಟಿ ಕಂಪನಿಯ ಕಾರ್ ಆಗುತ್ತದೆ ಅಂದ, ಅವರೂ ಬುಗಾಟಿಯನ್ನೇ ಬರೆಸಿ ಕೊಂಡರು. ಅದು ಆ ಕೆಲಸಕ್ಕೆ ಆಗಲಿಲ್ಲ. ಹೆಸರು ಹೇಳಿ ಕೊಂಡಿದ್ದಾರೆ ಅನ್ನೋ ವಾದ ಕೋರ್ಟಲ್ಲಿ ನಿಲ್ಲಲಿಲ್ಲ, ಯಾಕೆಂದರೆ ಅವರು ನಂಬಿದ್ದು ವ್ಯಾಪಾರಿಯ ಮಾತನ್ನ. ನಮ್ಮ ಕಾಯ್ದೆ ಅಲ್ಲಿಯ 1893ರ ಕಾಯ್ದೆಯ ಮಾದರಿಯಲ್ಲೇ ಇದೆ.

ದೊಡ್ಡಪ್ಪ: ಬಿಲ್ಲಲ್ಲಿ ಮಾರಿದ ಮಾಲು ವಾಪಸ್ ಇಲ್ಲ ಅಂತ ಅಚ್ಚಾಗಿದೆಯಲ್ಲ.

ನಾನು: ದುಡ್ಡು ಕೊಟ್ಟ ಮೇಲೆ ಕೈಗೆ ಬಂದ ಬಿಲ್ಲು ಅದು. ಇಬ್ಬರೂ ಮೊದಲೇ ಮಾತಾಡಿ, ಕೆಲಸಕ್ಕೆ ಆಗಲೇಬೇಕು ಅನ್ನೋ ಷರತ್ತು ಬಿಟ್ಟಿದ್ದರೆ ಮಾತು ಬೇರೆ. ನಾವು ಹಾಗೆ ಒಪ್ಪಿಲ್ಲ.

ಚಿಕ್ಕಪ್ಪ: ಸುಮ್ನೆ ಕೋರ್ಟು ಕಚೇರಿ ಬೇಡ ಕಣೋ. ರೈತರ ಮಾತು ಯಾರು ಕೇಳ್ತಾರೆ?

ನಾನು: ಕೇಳ್ತಾರೆ ಚಿಕ್ಕಪ್ಪ. ಬಿತ್ತನೆ ಬೀಜದ ಕೇಸಲ್ಲಿ ರೈತರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮಂಡ್ಯದಲ್ಲೇ ಗ್ರಾಹಕರ ಆಯೋಗ ಇದೆ, ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ದೂರಿಗೆ 2 ವರ್ಷ ಟೈಮ್ ಇದೆ. ಆದರೆ ಮಾಲು ಬೇಡ ಅನ್ನೋದಕ್ಕೆ ಅಷ್ಟು ದಿನ ಕಾಯೋ ಹಾಗಿಲ್ಲ. ಇವತ್ತೇ ಬರೆದು ತಿಳಿಸಬೇಕು.

ಅತ್ತೆ: ಬೋರಿನ ಆಳ, ನೀರಿನ ಮಟ್ಟ ಎರಡೂ ಅಂಗಡಿಯವರಿಗೆ ನಾನೇ ಮೆಸೇಜ್ ಮಾಡಿದ್ದೆ. ಅವರು "ಆಗುತ್ತೆ ಮೇಡಂ" ಅಂತ ಉತ್ತರ ಹಾಕಿದ್ದಾರೆ. ಆ ಮೆಸೇಜ್ ಇಲ್ಲೇ ಗ್ರೂಪಲ್ಲಿ ಹಾಕ್ತೀನಿ ನೋಡಿ.

ನಾನು: ಅತ್ತೆ, ಇದೇ ಬೇಕಿತ್ತು! ಅಳಿಸಬೇಡಿ.

ದೊಡ್ಡಪ್ಪ: ಸರಿ, ಕಾಗದ ಬರಿ. ಮೂರು ಮನೆಯವರ ಸಹಿ ಇರಲಿ. ಪೈಪು ಇಳಿಸಿ ಎತ್ತಿದ ಕೂಲಿಯನ್ನೂ ಸೇರಿಸು.

ಚಿಕ್ಕಪ್ಪ: ಮೋಟಾರ್ ಶೆಡ್ಡಲ್ಲಿ ಇಟ್ಟಿದ್ದೇನೆ. ಕಾಗದ ತಲುಪೋವರೆಗೂ ಮುಟ್ಟಲ್ಲ.