ಘಾನಾದ ಬೋನೊ ಪ್ರಾಂತ್ಯ: ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಪುತ್ತೂರಿನ ಅಮ್ಮ: ಎಲ್ಲರಿಗೂ ನಮಸ್ಕಾರ. ನಮ್ಮವರು ಮಂಗಳೂರಿನ ಫ್ಯಾಕ್ಟರಿಗೆ ಹಸಿ ಗೇರುಬೀಜ ಖರೀದಿಸುವ ಕೆಲಸದಲ್ಲಿ ಸುನ್ಯಾನಿಯಲ್ಲಿದ್ದಾರೆ. ಮಗಳು ಎರಡನೇ ಕ್ಲಾಸು, ಮಗನಿಗೆ ಮೂರು ವರ್ಷ. ನಾವೂ ಹೋಗೋಣ ಅಂತಿದ್ದೇವೆ. ಶಾಲೆ, ಮಲೇರಿಯಾ ಎರಡೇ ಚಿಂತೆ.

ಕುಮಾಸಿ ಕನ್ನಡಿಗ: ಅಕ್ಕ, ಮೊದಲು ಹಳದಿ ಜ್ವರದ ಲಸಿಕೆ. ಹಾಕಿಸಿ 10 ದಿನ ಆದ ಮೇಲೆಯೇ ಸರ್ಟಿಫಿಕೇಟ್ ಊರ್ಜಿತ. ಊರಿಗೆ ವಾಪಸ್ ಬರುವಾಗಲೂ ಕೇಳ್ತಾರೆ, ಜೋಪಾನ. ಹಳೇ ಕಾಗದಗಳಲ್ಲಿ ಈ ಪ್ರಾಂತ್ಯದ ಹೆಸರು ಬ್ರಾಂಗ್-ಅಹಾಫೊ ಅಂತ ಇರುತ್ತೆ. 2019ರಲ್ಲಿ ಅದು ಬೋನೊ, ಬೋನೊ ಈಸ್ಟ್, ಅಹಾಫೊ ಅಂತ ಮೂರಾಯ್ತು. ಸುನ್ಯಾನಿ ಈಗ ಬೋನೊ ರಾಜಧಾನಿ. ಫೆಬ್ರವರಿಯಿಂದ ಗೇರು ಸೀಸನ್, ಯಜಮಾನರು ಸಾಂಪಾ, ವೆಂಚಿ ಊರುಗಳ ಕಡೆಯೇ ಇರ್ತಾರೆ. ಆಗ ಮನೆ ನೀವೊಬ್ಬರೇ ನೋಡ್ಕೋಬೇಕು.

ದೋಹಾದ ಹಿರಿಯ: ತಂಗಿ, ಮಕ್ಕಳನ್ನು ಅಜ್ಜಿ ಹತ್ತಿರ ಬಿಡಿ. ನನ್ನ ಇಬ್ಬರು ಗಂಡುಮಕ್ಕಳೂ ಹೊರಗೇ ಬೆಳೆದರು. ಅಜ್ಜಿ ಫೋನ್ ಮಾಡಿದರೆ ಅವರಿಗೆ ಮಾತೇ ಬರ್ತಿರಲಿಲ್ಲ, ಫೋನ್ ನನ್ನ ಕೈಗೆ ಕೊಡ್ತಿದ್ದರು. ಅಮ್ಮ ತೀರಿಕೊಳ್ಳುವ ಮುಂಚೆ ಕೇಳಿದ್ದು, ಮೊಮ್ಮಕ್ಕಳು ಯಾಕೆ ಮಾತಾಡಲ್ಲ ಅಂತಲೇ. ದುಡ್ಡು ಯಾವಾಗ ಬೇಕಾದರೂ ಮಾಡಬಹುದು.

ಅಕ್ರಾ ಅಮ್ಮ: ಅಣ್ಣಾ, ಅಪ್ಪನನ್ನು ವರ್ಷಕ್ಕೊಮ್ಮೆ ನೋಡುವ ಮಕ್ಕಳ ಕಥೆ ಏನು? ನನ್ನ ಮಗಳು ಮನೆಯಲ್ಲಿ ತುಳು, ಕನ್ನಡ, ಅಂಗಳದಲ್ಲಿ ಇಲ್ಲಿನ ಟ್ವಿ ಭಾಷೆ ಮಾತಾಡ್ತಾಳೆ. ಇಲ್ಲಿನ ಸಂತೆಯಲ್ಲಿ ಕೊಂಟೊಮಿರೆ ಅಂತ ಕಟ್ಟುಕಟ್ಟಾಗಿ ಮಾರೋದು ಕೆಸುವಿನ ಜಾತಿಯ ಸೊಪ್ಪೇ. ಹುಣಸೆಹುಳಿ ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆ ಪಕ್ಕಾ ಊರಿಂದೇ. ಅಕ್ಕಿಯಂತೂ ಎಲ್ಲಾ ಕಡೆ ಸಿಗುತ್ತೆ.

ದೋಹಾದ ಹಿರಿಯ: ಪತ್ರೊಡೆ ತಿಂದರೆ ಸಂಸ್ಕಾರ ಬರುತ್ತಾ? ಹತ್ತನೇ ಕ್ಲಾಸಿನವರೆಗೆ ಊರಲ್ಲೇ ಓದಲಿ, ಆಮೇಲೆ ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗಿ.

ಟೆಕ್ಸಾಸ್ ಮಲೆನಾಡು: ಹಿರಿಯರು ಹೇಳೋದು ನೂರಕ್ಕೆ ನೂರು ನಿಜ. ನಾವೂ ತಡ ಮಾಡಿದೆವು. ಭಾನುವಾರದ ಕನ್ನಡ ತರಗತಿಯಿಂದ ಏನೂ ಆಗಲ್ಲ.

ಅಕ್ರಾ ಅಮ್ಮ: ನಿಮ್ಮ ಮನೆಯಲ್ಲಿ ಆಗಲಿಲ್ಲ ಅಂತ ಎಲ್ಲರ ಮನೆಯಲ್ಲೂ ಆಗಲ್ಲ ಅನ್ನಬೇಡಿ.

ಕುಮಾಸಿ ಕನ್ನಡಿಗ: ಮಲೇರಿಯಾ ಬಗ್ಗೆ ಯಾರೂ ಹೇಳಲೇ ಇಲ್ಲ. ಔಷಧಿ ಹಚ್ಚಿದ ಸೊಳ್ಳೆಪರದೆ ಇಲ್ಲದೆ ಮಕ್ಕಳನ್ನು ಮಲಗಿಸಬೇಡಿ. ಜ್ವರ ಬಂದ ದಿನವೇ ರಕ್ತಪರೀಕ್ಷೆ, ನಾಳೆ ನೋಡೋಣ ಅನ್ನೋದು ಬೇಡ. ರಜೆಗೆ ಪುತ್ತೂರಿಗೆ ಬಂದಾಗ ಜ್ವರ ಬಂದರೂ ಘಾನಾದಿಂದ ಬಂದೆವು ಅಂತ ಡಾಕ್ಟರಿಗೆ ಹೇಳಿ. ಖಾಸಗಿ ಶಾಲೆಗಳು ಇಂಗ್ಲಿಷ್‌ನಲ್ಲೇ, ವರ್ಷ ಶುರುವಾಗೋದು ಸಾಮಾನ್ಯವಾಗಿ ಸೆಪ್ಟೆಂಬರಿಗೆ.

ಪುತ್ತೂರಿನ ಅಮ್ಮ: ಎಲ್ಲರಿಗೂ ಧನ್ಯವಾದ. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ದೋಹಾದವರು ಹೇಳಿದ್ದೇ ಸರಿ, ಮಕ್ಕಳು ಇಲ್ಲೇ ಇರಲಿ ಅಂತ ಕೂತಿದ್ದಾರೆ. ಮಗಳ ಟಿಸಿ ಈಗಲೇ ತಗೊಳ್ಳಲಾ, ಬೇಡವಾ?